ಸೋತವರ ಜೊತೆ ನಿಂತ ಊರು

2023ರ ಡಿಸೆಂಬರ್ 26ರ ಸಂಜೆ. ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂ ಮೇಲೆ ನಡೆದು ಹೋಗುವಾಗ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ: ಸತತ 26 ಪಂದ್ಯ ಸೋತ ತಂಡವನ್ನು ದುಡ್ಡು ಕೊಟ್ಟು ನೋಡಲು ಯಾರು ಬರುತ್ತಾರೆ? ಲಿಟಲ್ ಸೀಸರ್ಸ್ ಅರೀನಾದ ಬಾಗಿಲಲ್ಲೇ ಉತ್ತರ ಸಿಕ್ಕಿತು. ಮಕ್ಕಳನ್ನು ಹೆಗಲೇರಿಸಿಕೊಂಡ ಅಪ್ಪಂದಿರು, ಕಾರ್ಖಾನೆಯ ಜಾಕೆಟ್ ಕಳಚದೆ ಶಿಫ್ಟ್ ಮುಗಿಸಿ ನೇರ ಬಂದವರು, 20 ವರ್ಷ ಹಳೆಯ ಜೆರ್ಸಿ ತೊಟ್ಟ ಹೆಂಗಸರು. ಜಾತ್ರೆಗೆ ಬಂದವರ ಉತ್ಸಾಹ ಅವರಲ್ಲಿರಲಿಲ್ಲ, ಬೇಸರವೂ ಇರಲಿಲ್ಲ. ಕಾಯಿಲೆ ಬಿದ್ದ ಬಂಧುವನ್ನು ನೋಡಲು ಹೊರಟವರ ಹಾಗೆ ಎಲ್ಲರೂ ನೇರವಾಗಿ, ಹೆಚ್ಚು ಮಾತಿಲ್ಲದೆ ಒಳಗೆ ಹೋಗುತ್ತಿದ್ದರು.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವನು ಅಕ್ಕನ ಮಗ. ಡೆಟ್ರಾಯಿಟ್ ಬಳಿಯ ನೋವೈನಲ್ಲಿ ಅವನ ಮನೆ, ಕಾರು ತಯಾರಿಕೆಯಲ್ಲಿ ಅವನ ಕೆಲಸ. ಆ ಭಾಗದಲ್ಲಿ ಕನ್ನಡಿಗರ ಮನೆಗಳು ಎಷ್ಟಿವೆಯೆಂದರೆ 2002ರಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ ‘ಅಕ್ಕ’ ಸಂಸ್ಥೆಯ ಎರಡನೇ ವಿಶ್ವ ಕನ್ನಡ ಸಮ್ಮೇಳನವೇ ಡೆಟ್ರಾಯಿಟ್‌ನಲ್ಲಿ ನಡೆದಿತ್ತು. ಅವರ ಮಕ್ಕಳೆಲ್ಲ ಊರಿನ ಬಾಸ್ಕೆಟ್‌ಬಾಲ್ ತಂಡವಾದ ಪಿಸ್ಟನ್ಸ್ ಅಭಿಮಾನಿಗಳಾಗಿಯೇ ಬೆಳೆದವರು. ನವೆಂಬರ್ ಪೂರ್ತಿ ತಂಡ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ರಾಜ್ಯೋತ್ಸವದ ಊಟದ ಸಾಲಿನಲ್ಲೂ ಹುಡುಗರದು ಇದೇ ಮಾತಂತೆ. ‘ಮಾಮ, ಇವತ್ತು ಸೋತರೆ ಇತಿಹಾಸ, ಗೆದ್ದರೆ ಹಬ್ಬ. ಎರಡರಲ್ಲಿ ಯಾವುದಾದರೂ ನೀವು ಕಣ್ಣಾರೆ ನೋಡಲೇಬೇಕು, ಬನ್ನಿ’ ಎಂದಿದ್ದ ಅಕ್ಕನ ಮಗ.

ಇತಿಹಾಸ ಎಂದದ್ದು ಉತ್ಪ್ರೇಕ್ಷೆಯಲ್ಲ. ಎನ್‌ಬಿಎಯಲ್ಲಿ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) ಒಂದೇ ಸೀಸನ್‌ನ ಅತಿ ಉದ್ದದ ಸೋಲಿನ ಸರಣಿ ಅಲ್ಲಿಯವರೆಗೆ 26 ಪಂದ್ಯಗಳದು. 2010–11ರಲ್ಲಿ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್, 2013–14ರಲ್ಲಿ ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ ಆ ಕಹಿ ದಾಖಲೆಯನ್ನು ಹಂಚಿಕೊಂಡಿದ್ದವು. ಡೆಟ್ರಾಯಿಟ್ ಅವೆರಡರ ಪಕ್ಕದಲ್ಲಿ ಬಂದು ನಿಂತಿತ್ತು. ಆ ರಾತ್ರಿಯ ಎದುರಾಳಿ ಬ್ರೂಕ್ಲಿನ್ ನೆಟ್ಸ್.

ಅಂಕಣದಲ್ಲಿ ಕಂಡದ್ದು

ಟಿ.ವಿ.ಯಲ್ಲಿ ಕಾಣದ ಒಂದು ಸಂಗತಿ ಗ್ಯಾಲರಿಯಿಂದ ಸ್ಪಷ್ಟವಾಗಿ ಕಾಣಿಸಿತು. ಚೆಂಡು ಕೇಡ್ ಕನ್ನಿಂಗ್‌ಹ್ಯಾಮ್ ಕೈಯಲ್ಲಿದೆ. 22 ವರ್ಷದ ಹುಡುಗ, ಆರೂವರೆ ಅಡಿ ಎತ್ತರ, ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 2021ರ ಮೊದಲ ಆಯ್ಕೆ. ಅವನಿಗೆ ಅವಸರ ಎಂಬುದೇ ಇಲ್ಲ. ಚೆಂಡನ್ನು ನೆಲಕ್ಕೆ ಕುಟ್ಟುತ್ತಾ, ಹೆಗಲಿನಿಂದ ರಕ್ಷಕನನ್ನು ಹಿಂದಕ್ಕೆ ಒತ್ತುತ್ತಾ, ಫ್ರೀಥ್ರೋ ಗೆರೆಯ ತನಕ ಬರುತ್ತಾನೆ. ಆಗ ಉಳಿದ ನೆಟ್ಸ್ ಆಟಗಾರರು ಏನು ಮಾಡುತ್ತಿದ್ದಾರೆ ಎಂದು ನೋಡಬೇಕು. ತಾವು ಕಾಯಬೇಕಾದ ಆಟಗಾರನನ್ನು ಮೂಲೆಯಲ್ಲಿ ಬಿಟ್ಟು ಒಂದೊಂದೇ ಹೆಜ್ಜೆ ಒಳಗೆ ಸರಿಯುತ್ತಾರೆ. ಕನ್ನಿಂಗ್‌ಹ್ಯಾಮ್ ಮುಂದೆ ಒಬ್ಬನಿದ್ದ ಕಡೆ ಮೂವರಾಗುತ್ತಾರೆ. ಮೂಲೆಯಲ್ಲಿ ನಿಂತವನಿಗೆ ಅವನು ಚೆಂಡು ದಾಟಿಸಿದರೂ ಅವರು ಓಡಿಹೋಗಿ ತಡೆಯುವುದಿಲ್ಲ. ‘ಹೊಡೆ, ನೋಡೋಣ’ ಎಂಬಂತೆ ಕೈ ಇಳಿಬಿಟ್ಟು ನಿಲ್ಲುತ್ತಾರೆ.

ಆ ಸೀಸನ್‌ನ ರೋಗ ಇದೊಂದೇ ನೋಟದಲ್ಲಿದೆ ಎಂದು ನಾನು ಈಗಲೂ ನಂಬುತ್ತೇನೆ. ಇವತ್ತಿನ ಬಾಸ್ಕೆಟ್‌ಬಾಲ್‌ನಲ್ಲಿ ತ್ರೀ ಪಾಯಿಂಟರ್ ಹೊಡೆಯುವವರು ಪಕ್ಕದಲ್ಲಿಲ್ಲದಿದ್ದರೆ ಎಂಥ ಪ್ರತಿಭಾವಂತನಿಗೂ ನುಗ್ಗಲು ಜಾಗ ಸಿಗುವುದಿಲ್ಲ. ಪಿಸ್ಟನ್ಸ್‌ನ ಹೊಸ ಹುಡುಗ ಆಸರ್ ಥಾಂಪ್ಸನ್ ಗಾಳಿಯಲ್ಲಿ ಹಾರುವುದನ್ನು ನೋಡುವುದೇ ಒಂದು ಸುಖ. ರಕ್ಷಣೆಯಲ್ಲಂತೂ ಚಿರತೆ. ಆದರೆ ಆ ಸೀಸನ್‌ನಲ್ಲಿ ಅವನ ತ್ರೀ ಪಾಯಿಂಟರ್‌ಗಳ ಯಶಸ್ಸು ಶೇ 18.6 ಮಾತ್ರ. ಗುರಿಯಿಟ್ಟು ಹೊಡೆಯಬಲ್ಲ ಅನುಭವಿ ಬೊಯಾನ್ ಬೊಗ್ಡಾನೊವಿಚ್ ಮೀನಖಂಡದ ಗಾಯದಿಂದ ಮೊದಲ 19 ಪಂದ್ಯ ಆಡಲೇ ಇಲ್ಲ. ಉಳಿದವರಲ್ಲಿ ಹೆಚ್ಚಿನವರು ಇನ್ನೂ ಮೀಸೆ ಗಟ್ಟಿಯಾಗದ ಹುಡುಗರು. ಪಾಸ್ ತಪ್ಪುತ್ತಿತ್ತು, ಫೌಲ್‌ಗಳು ಬೀಳುತ್ತಿದ್ದವು. ತಂಡದಲ್ಲಿ ಪ್ರತಿಭೆಗೆ ಕೊರತೆ ಇರಲಿಲ್ಲ. ಒಬ್ಬರ ಪ್ರತಿಭೆ ಇನ್ನೊಬ್ಬರ ನೆರವಿಗೆ ಬರುವ ಜೋಡಣೆ ಇರಲಿಲ್ಲ.

ಇಷ್ಟೆಲ್ಲ ಇದ್ದರೂ ಆ ರಾತ್ರಿ ಕನ್ನಿಂಗ್‌ಹ್ಯಾಮ್ 41 ಪಾಯಿಂಟ್ಸ್ ಬಾರಿಸಿದ. ದ್ವಿತೀಯಾರ್ಧದಲ್ಲಿ ಅವನ ಕೈಯಿಂದ ಚೆಂಡು ಹೊರಟ ಪ್ರತಿ ಸಲವೂ ಇಡೀ ಅರೀನಾ ಎದ್ದು ನಿಲ್ಲುತ್ತಿತ್ತು. ಧ್ವನಿವರ್ಧಕದಲ್ಲಿ ‘ಡೀ...ಟ್ರಾಯಿಟ್’ ಎಂದು ರಾಗ ಎಳೆದರೆ ‘ಬಾಸ್ಕೆಟ್‌ಬಾಲ್’ ಎಂದು ಸಾವಿರಾರು ಕಂಠಗಳು ಮುಗಿಸುತ್ತಿದ್ದವು. ಕೊನೆಗೆ ಫಲಕದಲ್ಲಿ ಉಳಿದದ್ದು 118–112. ನೆಟ್ಸ್ ಗೆದ್ದಿತ್ತು. ಸತತ 27ನೇ ಸೋಲು, ಹೊಸ ದಾಖಲೆ. ‘ತಂಡ ಮಾರಿ’ ಎಂಬ ಕೂಗು ಎದ್ದಿತು. ಅದು ಮಾಲೀಕ ಟಾಮ್ ಗೋರ್ಸ್‌ಗೆ ಹೇಳಿದ ಮಾತು. ಆಟಗಾರರು ತಲೆ ತಗ್ಗಿಸಿ ಒಳಗೆ ಹೋಗುವಾಗ ಅದೇ ಜನ ಚಪ್ಪಾಳೆ ತಟ್ಟಿದರು. ಸಿಟ್ಟು ಯಾರ ಮೇಲೆ, ಪ್ರೀತಿ ಯಾರ ಮೇಲೆ ಎಂಬ ವಿವೇಚನೆ ಆ ಗ್ಯಾಲರಿಗೆ ಚೆನ್ನಾಗಿತ್ತು.

ನನ್ನ ಪಕ್ಕದ ಸೀಟಿನಲ್ಲಿದ್ದವರು ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು. ಮೈಮೇಲೆ ಬೆನ್ ವಾಲೇಸ್‌ನ 3ನೇ ನಂಬರಿನ ಮಾಸಿದ ಜೆರ್ಸಿ, ಪಕ್ಕದಲ್ಲಿ ಮೊಮ್ಮಗಳು. ಯಾಕೆ ಬಂದಿರಿ ಎಂದು ಕೇಳಿದ್ದಕ್ಕೆ ಅವರಿಗೆ ಆಶ್ಚರ್ಯವೇ ಆಯಿತು. ಹುಡುಗನಾಗಿದ್ದಾಗ ಅಪ್ಪನ ಜೊತೆ ಪಾಂಟಿಯಾಕ್‌ನ ಸಿಲ್ವರ್‌ಡೋಮ್‌ಗೆ ಹೋಗಿ 1979–80ರ ತಂಡವನ್ನು ನೋಡಿದ್ದರಂತೆ. ಆ ತಂಡ 16 ಗೆದ್ದು 66 ಸೋತಿತ್ತು. ಆವತ್ತು ಎದ್ದು ಹೋಗಿದ್ದರೆ ಮುಂದೆ ನೋಡಿದ್ದನ್ನೆಲ್ಲ ನೋಡುವ ಹಕ್ಕು ನನಗೆಲ್ಲಿಂದ ಬರುತ್ತಿತ್ತು ಎಂದು ಕೇಳಿದರು. ಸೋಲಿನ ಬಗ್ಗೆ ಆ ಸಂಜೆ ನಾನು ಕೇಳಿದ ಅತ್ಯಂತ ಗಂಭೀರವಾದ ಮಾತು ಅದು.

ಪಿಸ್ಟನ್ ಮಾಡುವವರ ತಂಡ

‘ಮುಂದೆ ನೋಡಿದ್ದು’ ಏನೆಂದು ಬಾಸ್ಕೆಟ್‌ಬಾಲ್ ಬಲ್ಲವರಿಗೆ ಹೇಳಬೇಕಾಗಿಲ್ಲ. ಐಸೇಯಾ ಥಾಮಸ್, ಜೋ ಡ್ಯೂಮಾರ್ಸ್, ಬಿಲ್ ಲೇಂಬೀರ್, ಡೆನ್ನಿಸ್ ರಾಡ್‌ಮನ್‌ರ ‘ಬ್ಯಾಡ್ ಬಾಯ್ಸ್’ ತಂಡ 1989 ಮತ್ತು 1990ರಲ್ಲಿ ಚಾಂಪಿಯನ್. 2004ರಲ್ಲಿ ಬೆನ್ ವಾಲೇಸ್, ಚಾನ್ಸಿ ಬಿಲಪ್ಸ್ ಮೊದಲಾದವರು ಶಕೀಲ್ ಓನೀಲ್, ಕೋಬಿ ಬ್ರಯಾಂಟ್ ಇದ್ದ ಲೇಕರ್ಸ್ ತಂಡವನ್ನು ಫೈನಲ್‌ನಲ್ಲಿ 4–1ರಿಂದ ಮಣಿಸಿದರು. ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿ ಫ್ರೆಡ್ ಝಾಲ್ನರ್ ಎಂಬ ಉದ್ಯಮಿ ಕಟ್ಟಿದ ತಂಡ ಇದು. ಅವರ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಪಿಸ್ಟನ್. 1957ರಲ್ಲಿ ತಂಡ ಡೆಟ್ರಾಯಿಟ್‌ಗೆ ಬಂದಾಗ ಕಾರುಗಳ ಊರಿಗೆ ಆ ಹೆಸರು ಹೇಳಿ ಮಾಡಿಸಿದಂತೆ ಹೊಂದಿಕೊಂಡಿತು.

2008ರ ನಂತರ ಇಳಿಜಾರು. ಮುಂದಿನ ಹದಿನೈದು ವರ್ಷಗಳಲ್ಲಿ ತಂಡಕ್ಕೆ ಪ್ಲೇಆಫ್‌ನಲ್ಲಿ ಒಂದೇ ಒಂದು ಪಂದ್ಯ ಗೆಲ್ಲಲಾಗಲಿಲ್ಲ. 2022–23ರಲ್ಲಿ 17 ಗೆಲುವು, 65 ಸೋಲು, ಲೀಗ್‌ನಲ್ಲೇ ಕೊನೆಯ ಸ್ಥಾನ. ಕನ್ನಿಂಗ್‌ಹ್ಯಾಮ್ ಮೊಣಕಾಲ ಕೆಳಗಿನ ಎಲುಬಿನ ಶಸ್ತ್ರಚಿಕಿತ್ಸೆಯಿಂದಾಗಿ ಆ ವರ್ಷ ಆಡಿದ್ದು 12 ಪಂದ್ಯ. ಅದಾದ ಮೇಲೆ ಮಾಂಟಿ ವಿಲಿಯಮ್ಸ್ ಅವರನ್ನು ಕೋಚ್ ಆಗಿ ಕರೆತಂದರು. ಆರು ವರ್ಷಕ್ಕೆ 7.85 ಕೋಟಿ ಡಾಲರ್, ಅಲ್ಲಿಯವರೆಗೆ ಎನ್‌ಬಿಎ ಕೋಚ್ ಒಬ್ಬರಿಗೆ ಸಿಕ್ಕ ಅತಿ ದೊಡ್ಡ ಒಪ್ಪಂದ. ಸೀಸನ್ ಶುರುವಾದದ್ದೂ ಚೆನ್ನಾಗಿಯೇ. ಮೊದಲ ಪಂದ್ಯದಲ್ಲಿ ಮಯಾಮಿ ಎದುರು ಒಂದೇ ಪಾಯಿಂಟ್‌ನಿಂದ ಸೋತು, ಷಾರ್ಲೆಟ್ ಮತ್ತು ಷಿಕಾಗೊ ಎದುರು ಗೆದ್ದಿದ್ದರು. ಅಕ್ಟೋಬರ್ 30ರಂದು ಒಕ್ಲಹೋಮ ಸಿಟಿಗೆ ಮಣಿದ ಮೇಲೆ ಎರಡು ತಿಂಗಳು ಗೆಲುವಿನ ಮುಖ ನೋಡಲಿಲ್ಲ.

ಹದಿನಾಲ್ಕು ಚೆಂಡು, ಒಂದು ಯಂತ್ರ

ಈ ತಂಡದ ಕಥೆ ಹೇಳುವಾಗ ನನ್ನನ್ನು ಬಿಡದೆ ಕಾಡುವ ಸಂಗತಿಯೊಂದಿದೆ: ಡ್ರಾಫ್ಟ್ ಲಾಟರಿ. ಹೆಚ್ಚು ಸೋತವರಿಗೆ ಮುಂದಿನ ವರ್ಷದ ಒಳ್ಳೆಯ ಹೊಸ ಆಟಗಾರ ಸಿಗಲಿ ಎಂಬ ಆಶಯದ ವ್ಯವಸ್ಥೆ. ಲಾಟರಿ ಬರುವ ಮೊದಲು ಪೂರ್ವ, ಪಶ್ಚಿಮ ವಿಭಾಗಗಳ ಕೊನೆಯ ತಂಡಗಳ ನಡುವೆ ನಾಣ್ಯ ಚಿಮ್ಮುತ್ತಿದ್ದರು. ಬೇಕೆಂದೇ ಸೋಲುತ್ತಾರೆ ಎಂಬ ಗುಲ್ಲು 1984ರಲ್ಲಿ ಜೋರಾದಾಗ, 1985ರಿಂದ ಲಕೋಟೆ ಎತ್ತುವ ಪದ್ಧತಿ ಬಂತು. ಆಮೇಲೆ ಪಿಂಗ್‌ಪಾಂಗ್ ಚೆಂಡುಗಳು ಬಂದವು.

ಚೆಂಡುಗಳ ಈ ವಿಧಿಯನ್ನು ವಿವರವಾಗಿ ತಿಳಿದುಕೊಂಡಷ್ಟೂ ನನಗೆ ಕುತೂಹಲ ಹೆಚ್ಚುತ್ತದೆ. 1ರಿಂದ 14ರವರೆಗೆ ನಂಬರ್ ಬರೆದ 14 ಚೆಂಡುಗಳನ್ನು ಗಾಳಿ ಊದುವ ಯಂತ್ರದೊಳಗೆ ಹಾಕುತ್ತಾರೆ. 20 ಸೆಕೆಂಡು ಕಲಕಿದ ಮೇಲೆ ಮೊದಲ ಚೆಂಡು, ನಂತರ 10 ಸೆಕೆಂಡಿಗೊಂದರಂತೆ ಮೂರು ಚೆಂಡು. ಸಮಯ ಹೇಳುವ ವ್ಯಕ್ತಿ ಯಂತ್ರಕ್ಕೆ ಬೆನ್ನು ಹಾಕಿ ನಿಂತು ಕೈ ಎತ್ತಿ ಸೂಚನೆ ಕೊಡಬೇಕು. ಚೆಂಡು ಅವರ ಕಣ್ಣಿಗೆ ಬೀಳಬಾರದು. ಕೋಣೆಯಲ್ಲಿರುವವರ ಫೋನುಗಳನ್ನು ಮೊದಲೇ ತೆಗೆದುಕೊಂಡಿರುತ್ತಾರೆ. ಟಿ.ವಿ.ಯಲ್ಲಿ ಫಲಿತಾಂಶ ಬರುವ ತನಕ ಯಾರೂ ಹೊರಗೆ ಹೋಗುವಂತಿಲ್ಲ. 14 ಚೆಂಡುಗಳಿಂದ ನಾಲ್ಕನ್ನು ಆರಿಸಲು 1,001 ಬಗೆಗಳಿವೆ. ಅದರಲ್ಲಿ ಸಾವಿರವನ್ನು ತಂಡಗಳಿಗೆ ಹಂಚುತ್ತಾರೆ. ಉಳಿಯುವ ಒಂದು ಜೋಡಣೆ 11, 12, 13, 14. ಅದು ಯಾರಿಗೂ ಸೇರಿದ್ದಲ್ಲ. ಬಂದರೆ ಮತ್ತೆ ಎತ್ತಬೇಕು.

2019ರಲ್ಲಿ ನಿಯಮ ಬದಲಾಯಿತು. ಅತಿ ಹೆಚ್ಚು ಸೋತ ಮೂರು ತಂಡಗಳಿಗೂ ಮೊದಲ ಆಯ್ಕೆಯ ಸಾಧ್ಯತೆ ಸಮನಾಗಿ ಶೇ 14. ಮೊದಲ ನಾಲ್ಕು ಸ್ಥಾನಗಳಿಗೆ ಮಾತ್ರ ಚೆಂಡು. ಹಾಗಾಗಿ ಲೀಗ್‌ನ ಕೊನೆಯ ತಂಡ ಐದನೇ ಆಯ್ಕೆಗಿಂತ ಕೆಳಗೆ ಇಳಿಯುವುದಿಲ್ಲ. ಆದರೆ ಐದಕ್ಕೇ ಬೀಳುವ ಸಾಧ್ಯತೆ ಶೇ 47.9, ಹೆಚ್ಚುಕಡಿಮೆ ಅರ್ಧಕ್ಕರ್ಧ. 2023ರಲ್ಲಿ 65 ಸೋಲು ಹೊತ್ತ ಪಿಸ್ಟನ್ಸ್ ಐದಕ್ಕೆ ಬಿದ್ದಿತು. ಇಡೀ ಜಗತ್ತು ಕಾಯುತ್ತಿದ್ದ ಏಳೂಕಾಲು ಅಡಿಯ ಫ್ರೆಂಚ್ ಹುಡುಗ ವಿಕ್ಟರ್ ವೆಂಬಾನ್ಯಾಮ ಸ್ಯಾನ್ ಆಂಟೋನಿಯೊ ಪಾಲಾದ. 2024ರಲ್ಲಿ 68 ಸೋತ ಪಿಸ್ಟನ್ಸ್ ಮತ್ತೆ ಐದಕ್ಕೇ ಬಿದ್ದಿತು. ಶೇ 3ರ ಸಾಧ್ಯತೆಯಿದ್ದ ಅಟ್ಲಾಂಟ ಮೊದಲ ಆಯ್ಕೆ ಹೊತ್ತೊಯ್ದಿತು. 2025ರಲ್ಲಿ ಕೊನೆಯ ಸ್ಥಾನದ ಯೂಟಾ ಜಾಝ್ ಕೂಡ ಐದಕ್ಕೆ. ಅಂದರೆ ಮೂರು ವರ್ಷ ಸತತವಾಗಿ ಅತಿ ಹೆಚ್ಚು ಸೋತ ತಂಡಕ್ಕೆ ಸಿಗಬಹುದಾದ ಅತಿ ಕೆಟ್ಟ ಫಲವೇ ಸಿಕ್ಕಿತು. ಹಾಗಾಗುವ ಸಾಧ್ಯತೆ ಲೆಕ್ಕ ಹಾಕಿದರೆ ಶೇ 11ರಷ್ಟು.

ಇದಕ್ಕಿಂತ ನೋವಿನ ಲೆಕ್ಕ 1980ರದು. 66 ಪಂದ್ಯ ಸೋತ ಆ ಪಿಸ್ಟನ್ಸ್‌ಗೆ ತನ್ನ ಸೋಲಿನ ಫಲವೂ ದಕ್ಕಲಿಲ್ಲ. ಸೀಸನ್‌ಗೆ ಮೊದಲೇ ಬಾಬ್ ಮ್ಯಾಕಡೂನನ್ನು ಪಡೆಯಲು ತನ್ನ ಡ್ರಾಫ್ಟ್ ಆಯ್ಕೆಗಳನ್ನು ಬಾಸ್ಟನ್ ಸೆಲ್ಟಿಕ್ಸ್‌ಗೆ ಕೊಟ್ಟಾಗಿತ್ತು. ಅವುಗಳಲ್ಲಿ ಒಂದು ಮೊದಲ ಆಯ್ಕೆಯಾಗಿ ಹೊರಬಂತು. ಬಾಸ್ಟನ್ ಅದನ್ನು ಗೋಲ್ಡನ್ ಸ್ಟೇಟ್‌ಗೆ ದಾಟಿಸಿ ರಾಬರ್ಟ್ ಪ್ಯಾರಿಷ್‌ನನ್ನೂ, ಕೆವಿನ್ ಮೆಕ್‌ಹೇಲ್‌ನನ್ನು ತಂದುಕೊಟ್ಟ ಮೂರನೇ ಆಯ್ಕೆಯನ್ನೂ ಗಳಿಸಿತು. ಲ್ಯಾರಿ ಬರ್ಡ್ ಜೊತೆ ಆ ಇಬ್ಬರೂ ಸೇರಿ 1981, 1984, 1986ರಲ್ಲಿ ಚಾಂಪಿಯನ್‌ಗಳಾದರು. ಡೆಟ್ರಾಯಿಟ್ ಬಿತ್ತಿದ್ದನ್ನು ಬಾಸ್ಟನ್ ಕೊಯ್ದಿತು. ಹಾಗಿದ್ದೂ 1988ರಲ್ಲಿ ಅದೇ ಬಾಸ್ಟನ್ನನ್ನು ಸೋಲಿಸಿ ಫೈನಲ್‌ಗೆ ಏರಿದ್ದು ಡೆಟ್ರಾಯಿಟ್ ಎಂಬುದು ನನಗೆ ಇಂದಿಗೂ ಸಮಾಧಾನ ಕೊಡುವ ಸಂಗತಿ.

ಸೋತು ಸೋತು ದೊಡ್ಡವರಾಗಬಹುದು ಎಂಬ ಸಿದ್ಧಾಂತದ ಮೇಲೆ ನನಗೆ ನಂಬಿಕೆ ಇಲ್ಲ. ಫಿಲಡೆಲ್ಫಿಯಾ ಅದನ್ನು ಬಹಿರಂಗವಾಗಿ ಪ್ರಯೋಗಿಸಿ ನೋಡಿತು. 2013ರಿಂದ ಮೂರು ಸೀಸನ್‌ಗಳಲ್ಲಿ ಅದರ ಗೆಲುವು 19, 18, 10. ಜೋಯೆಲ್ ಎಂಬೀಡ್‌ನಂಥ ಮಹಾ ಆಟಗಾರ ಸಿಕ್ಕಿದ್ದು ನಿಜ. ಆದರೆ 2025ರವರೆಗೂ ಆ ತಂಡ ಪ್ಲೇಆಫ್‌ನ ಎರಡನೇ ಸುತ್ತು ದಾಟಲಿಲ್ಲ. ಸೋಲನ್ನು ಬಂಡವಾಳ ಎಂದು ಲೆಕ್ಕ ಬರೆಯುವವರು ಕಚೇರಿಯಲ್ಲಿ ಕೂತವರು. ಬೆವರು ಸುರಿಸಿ ಸೋಲುವವರು 20–22ರ ಹುಡುಗರು. ಯಾವ ಹುಡುಗನೂ ಬೇಕೆಂದು ಬುಟ್ಟಿ ತಪ್ಪಿಸುವುದಿಲ್ಲ. ಅವನ ಮುಂದಿನ ಒಪ್ಪಂದ, ಹೆಸರು, ಮನೆಯವರ ಬದುಕು ಎಲ್ಲ ಆ ಕೈಯ ಮೇಲೆಯೇ ನಿಂತಿರುತ್ತದೆ.

ಬಾಸ್ಟನ್‌ನ ಸೋಲು, ಶನಿವಾರದ ಗೆಲುವು

ನೆಟ್ಸ್ ಎದುರಿನ ಆ ಸೋಲಿಗೆ ಎರಡು ದಿನ ಕಳೆದು ಬಾಸ್ಟನ್‌ನಲ್ಲಿ ಪಂದ್ಯ. ಲೀಗ್‌ನ ಅತ್ಯುತ್ತಮ ತಂಡದ ವಿರುದ್ಧ, ಅದರ ಮನೆಯಂಗಳದಲ್ಲೇ, ವಿರಾಮದ ಹೊತ್ತಿಗೆ ಪಿಸ್ಟನ್ಸ್ 66–47ರಿಂದ ಮುಂದಿತ್ತು. ನೋವೈನ ಮನೆಯಲ್ಲಿ ಅಕ್ಕ ಊಟಕ್ಕೆ ಕರೆದರೂ ಯಾರೂ ಟಿ.ವಿ. ಮುಂದಿಂದ ಏಳಲಿಲ್ಲ. ದ್ವಿತೀಯಾರ್ಧದಲ್ಲಿ ಬಾಸ್ಟನ್ ಅಂತರವನ್ನು ನುಂಗುತ್ತಾ ಬಂತು. ಪಂದ್ಯ ಓವರ್‌ಟೈಮ್‌ಗೆ ಹೋಯಿತು. 128–122, ಮತ್ತೆ ಸೋಲು. ಸತತ 28. ಎರಡು ಸೀಸನ್‌ಗಳಿಗೆ ಹಬ್ಬಿದ್ದ ಫಿಲಡೆಲ್ಫಿಯಾದ ಸರ್ವಕಾಲಿಕ ದಾಖಲೆಗೆ ಅದು ಸಮ. ಇನ್ನೊಂದು ಸೋತರೆ ಡೆಟ್ರಾಯಿಟ್ ಒಂಟಿ.

ಡಿಸೆಂಬರ್ 30, ಶನಿವಾರ. ಲಿಟಲ್ ಸೀಸರ್ಸ್‌ಗೆ ಟೊರಾಂಟೊ ರ್ಯಾಪ್ಟರ್ಸ್ ಬಂದಿತ್ತು. ಅದೇ ದಿನ ಆ ತಂಡ ಒಜಿ ಅನುನೋಬಿಯನ್ನು ನ್ಯೂಯಾರ್ಕ್‌ಗೆ ಬಿಟ್ಟುಕೊಟ್ಟಿತ್ತು. ಹಾಗಾಗಿ ಬೆಂಚು ಬಡವಾಗಿತ್ತು. ಆದರೂ ಪಾಸ್ಕಲ್ ಸಿಯಾಕಮ್ ಒಬ್ಬನೇ ಪಂದ್ಯವನ್ನು ಕೊನೆಯ ಸೆಕೆಂಡುಗಳ ತನಕ ಎಳೆದ. ಕನ್ನಿಂಗ್‌ಹ್ಯಾಮ್ 30 ಪಾಯಿಂಟ್ಸ್, 12 ಅಸಿಸ್ಟ್. ಪಿಸ್ಟನ್ಸ್ 129, ರ್ಯಾಪ್ಟರ್ಸ್ 127. ಟಿ.ವಿ.ಯಲ್ಲಿ ನೋಡುತ್ತಿದ್ದ ಅಕ್ಕನ ಮಗ ಸೋಫಾದ ಮೇಲೆ ಹತ್ತಿ ನಿಂತ. ಪಕ್ಕದ ಮನೆಯಿಂದಲೂ ಕೂಗು ಕೇಳಿಸಿತು. ಎರಡು ಪಾಯಿಂಟ್‌ಗಳ ಅಂತರದ ಒಂದು ಸಾಧಾರಣ ಗೆಲುವಿಗೆ ಇಡೀ ಬೀದಿ ಸಂಭ್ರಮಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಗೆಲುವಿನಿಂದ ಸೀಸನ್ ಏನೂ ಬದಲಾಗಲಿಲ್ಲ. 14 ಗೆಲುವು, 68 ಸೋಲು. 1980ರ ಲೆಕ್ಕಕ್ಕಿಂತ ಕೆಳಗೆ, ತಂಡದ ಚರಿತ್ರೆಯಲ್ಲೇ ಅತಿ ಕೆಟ್ಟದ್ದು. ಜನರಲ್ ಮ್ಯಾನೇಜರ್ ಟ್ರಾಯ್ ವೀವರ್ ಹೋದರು, ಟ್ರಜಾನ್ ಲ್ಯಾಂಗ್ಡನ್ ಬಂದರು. ಮಾಂಟಿ ವಿಲಿಯಮ್ಸ್‌ರನ್ನು ಒಂದೇ ವರ್ಷಕ್ಕೆ ಮನೆಗೆ ಕಳಿಸಿದರು. ಒಪ್ಪಂದದಲ್ಲಿ ಇನ್ನೂ ಐದು ವರ್ಷ ಬಾಕಿ ಇತ್ತು. ಜೆ.ಬಿ. ಬಿಕರ್‌ಸ್ಟಾಫ್ ಹೊಸ ಕೋಚ್.

ಅದೇ ಹುಡುಗರು

ಇನ್ನು ಮುಂದಿನದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗುವ ಭಾಗ. 2024–25ರಲ್ಲಿ ಪಿಸ್ಟನ್ಸ್ 44 ಗೆದ್ದು 38 ಸೋತಿತು. 82 ಪಂದ್ಯಗಳ ಒಂದು ಸೀಸನ್‌ನಿಂದ ಮುಂದಿನದಕ್ಕೆ ಗೆಲುವನ್ನು ಮೂರು ಪಟ್ಟು ಮಾಡಿಕೊಂಡ ಮೊದಲ ಎನ್‌ಬಿಎ ತಂಡ ಅದು. ಲಾಟರಿ ಯಂತ್ರದಿಂದ ಯಾವ ಅವತಾರಪುರುಷನೂ ಬಂದಿರಲಿಲ್ಲ. ಕನ್ನಿಂಗ್‌ಹ್ಯಾಮ್, ಜೇಲನ್ ಡ್ಯೂರೆನ್, ಐಸೇಯಾ ಸ್ಟೀವರ್ಟ್, ಆಸರ್ ಥಾಂಪ್ಸನ್, ಜೇಡನ್ ಐವಿ, ಹೀಗೆ 28 ಪಂದ್ಯ ಸೋತವರೇ ತಂಡದ ಬೆನ್ನೆಲುಬು. ಅವರ ಸುತ್ತ ಟೋಬಿಯಾಸ್ ಹ್ಯಾರಿಸ್, ಟಿಮ್ ಹಾರ್ಡವೇ ಜೂನಿಯರ್, ಮಲಿಕ್ ಬೀಸ್ಲಿ ಎಂಬ ಪಳಗಿದವರನ್ನು ತಂದು ಕೂರಿಸಿದರು. ಬೀಸ್ಲಿ ಒಬ್ಬನೇ ಆ ಸೀಸನ್‌ನಲ್ಲಿ 319 ತ್ರೀ ಪಾಯಿಂಟರ್ ಹಾಕಿದ. ಮೂಲೆಯಲ್ಲಿ ನಿಂತವನನ್ನು ಬಿಟ್ಟು ಒಳಗೆ ಸರಿಯುವ ಧೈರ್ಯ ಈಗ ಯಾರಿಗೂ ಬರಲಿಲ್ಲ. ಕನ್ನಿಂಗ್‌ಹ್ಯಾಮ್‌ಗೆ ದಾರಿ ತೆರೆಯಿತು. ಅವನು ಆಲ್‌ಸ್ಟಾರ್ ಆದ, ಆಲ್ ಎನ್‌ಬಿಎ ತಂಡದಲ್ಲೂ ಹೆಸರು ಬಂತು.

2025ರ ಏಪ್ರಿಲ್ 21ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಿಕ್ಸ್ ವಿರುದ್ಧ 100–94ರ ಗೆಲುವು. ಪ್ಲೇಆಫ್‌ನಲ್ಲಿ ಸತತ 15 ಪಂದ್ಯ ಸೋತಿದ್ದ ಇನ್ನೊಂದು ಕೆಟ್ಟ ದಾಖಲೆಗೂ ಅಂದು ತೆರೆ ಬಿತ್ತು. ಸರಣಿಯನ್ನು 4–2ರಿಂದ ನಿಕ್ಸ್ ಗೆದ್ದುಕೊಂಡಿತು. ಆರನೇ ಪಂದ್ಯದ ಕೊನೆಯ ಸೆಕೆಂಡುಗಳಲ್ಲಿ ಜೇಲನ್ ಬ್ರನ್ಸನ್ ಹಾಕಿದ ತ್ರೀ ಪಾಯಿಂಟರ್ ಅದನ್ನು ನಿರ್ಧರಿಸಿತು.

2023ರ ಡಿಸೆಂಬರ್‌ನಲ್ಲಿ ಈ ಹುಡುಗರು ಲೀಗ್‌ನಲ್ಲಿ ಆಡಲು ಯೋಗ್ಯರೇ ಅಲ್ಲ ಎಂದವರು ಬಹಳ ಮಂದಿ. ಪ್ರತಿಭೆಯನ್ನು ಫಲಕದ ಅಂಕಿಯಿಂದ ಅಳೆಯುವವರು ಅಂದು ತಪ್ಪಿದರು, ಇನ್ನೆಲ್ಲೋ ಇನ್ನಾವುದೋ ತಂಡದ ವಿಷಯದಲ್ಲಿ ಇಂದೂ ತಪ್ಪುತ್ತಿದ್ದಾರೆ. ಸೋಲುವ ತಂಡ ಎಂದರೆ ಹಲವು ಸಲ ತಪ್ಪಾಗಿ ಜೋಡಿಸಿದ ತಂಡ ಅಷ್ಟೇ. ಜೋಡಿಸಿದವರ ತಪ್ಪಿನ ಅವಮಾನವನ್ನು ಆಡುವವರು ಹೊರುತ್ತಾರೆ. ಸರಿಪಡಿಸುವ ದಾರಿ ಪಿಂಗ್‌ಪಾಂಗ್ ಚೆಂಡಿನಲ್ಲಿಲ್ಲ. ಇರುವ ಹುಡುಗರ ಪಕ್ಕ ಸರಿಯಾದ ಹಿರಿಯರನ್ನು ನಿಲ್ಲಿಸುವುದು, ಒಪ್ಪುವ ಕೋಚ್‌ನನ್ನು ತರುವುದು, ಅವರಿಗೆ ಕಾಲಾವಕಾಶ ಕೊಡುವುದು, ಇಷ್ಟೇ. ಡೆಟ್ರಾಯಿಟ್‌ನ ಗ್ಯಾಲರಿಗೆ ಇದು ಮ್ಯಾನೇಜ್‌ಮೆಂಟಿಗಿಂತ ಮೊದಲೇ ಗೊತ್ತಿತ್ತು. ಮಾಲೀಕನ ವಿರುದ್ಧ ಕೂಗಿದ ಆ ಜನ ಆಟಗಾರರಿಗೆ ಚಪ್ಪಾಳೆ ತಟ್ಟಿದ್ದು ಅದಕ್ಕೇ.